ಮೋಟಾರ್‌ಸೈಕಲ್ ರೇಸ್ ಸವಾರರ ಮುಂದೋಳಿನ ಶ್ರಮನೋವು: ಶಸ್ತ್ರಚಿಕಿತ್ಸೆ

ರೇಸ್ ನಡೆಯುತ್ತಿರುವಾಗ ಮುಂದೋಳಿನ ಸ್ನಾಯುಗಳು ಊದಿ ಬಿಗಿದುಕೊಂಡು, ನೋವು ಜೋಮುಗಳ ಜೊತೆಗೆ ಬೆರಳುಗಳ ಹತೋಟಿಯೂ ತಪ್ಪಿ, ಸವಾರಿ ನಿಂತ ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಇಳಿದುಹೋಗುವ ತೊಂದರೆ. ವೈದ್ಯರು ಇದನ್ನು ಕ್ರಾನಿಕ್ ಎಕ್ಸರ್ಷನಲ್ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎನ್ನುತ್ತಾರೆ. ರೇಸ್ ವಲಯದಲ್ಲಿ ಎಲ್ಲರ ಬಾಯಲ್ಲೂ ಇರುವ ಹೆಸರು ಆರ್ಮ್ ಪಂಪ್. ಡಾಂಬರು ಟ್ರ್ಯಾಕ್‌ನ ಮೋಟೋಜಿಪಿ ಸವಾರರಲ್ಲೂ ಮಣ್ಣಿನ ಹಾದಿಯ ಮೋಟೋಕ್ರಾಸ್ ಸವಾರರಲ್ಲೂ ಇದು ಸಾಮಾನ್ಯ. ದೋಣಿ ಹುಟ್ಟು ಹಾಕುವವರು, ಬಂಡೆ ಹತ್ತುವವರು, ಜಿಮ್ನಾಸ್ಟರು ಮೊದಲಾದ, ಕೈಹಿಡಿತವನ್ನೇ ನೆಚ್ಚಿಕೊಂಡ ಕ್ರೀಡಾಪಟುಗಳಲ್ಲೂ ಕಾಣಿಸುತ್ತದೆ. ಸ್ನಾಯುಗಳನ್ನು ಸುತ್ತಿದ ಫ್ಯಾಶಿಯಾ ಎಂಬ ಪೊರೆಯನ್ನು ಉದ್ದಕ್ಕೆ ಸೀಳಿ ಬಿಡುವುದು ಇದಕ್ಕೆ ಮಾಡುವ ಶಸ್ತ್ರಚಿಕಿತ್ಸೆ. ಅದರ ಹೆಸರು ಫ್ಯಾಶಿಯಾಟಮಿ.

ಈ ಶಸ್ತ್ರಚಿಕಿತ್ಸೆಯ ಸ್ವರೂಪವೇ ಸ್ವಲ್ಪ ವಿಚಿತ್ರ. ಮುರಿದ ಮೂಳೆಯನ್ನು ಕೂಡಿಸುವಂತೆಯೋ ಹರಿದ ರಜ್ಜುವನ್ನು ಹೊಲಿಯುವಂತೆಯೋ ಇಲ್ಲಿ ಸರಿಪಡಿಸಬೇಕಾದ ಭಾಗ ಯಾವುದೂ ಇಲ್ಲ. ಈ ಕೈ ಊಟ ಮಾಡುವಾಗ, ಬರೆಯುವಾಗ, ಭಾರ ಎತ್ತುವಾಗ ಸಂಪೂರ್ಣ ಆರೋಗ್ಯವಾಗಿರುತ್ತದೆ. ಒಂದೇ ಒಂದು ಕೆಲಸದಲ್ಲಿ, ಅದೂ ಕೆಲವೇ ಸುತ್ತುಗಳ ನಂತರ, ಸೋಲುತ್ತದೆ. ಆ ಕೆಲಸವೇ ಸವಾರನ ಜೀವನೋಪಾಯ ಎಂಬ ಕಾರಣಕ್ಕೆ ಚಾಕು ಮುಟ್ಟಬೇಕಾಗುತ್ತದೆ.

ರಚನೆ ಮತ್ತು ಕಾರಣ

ಮೊಣಕೈಯಿಂದ ಮಣಿಕಟ್ಟಿನವರೆಗಿನ ಸ್ನಾಯುಗಳು ಗುಂಪುಗುಂಪಾಗಿ ಬೇರೆ ಬೇರೆ ಕೋಣೆಗಳಲ್ಲಿ ಕೂತಿವೆ. ಅಂಗೈ ಕಡೆಯದು ಬೆರಳು ಮತ್ತು ಮಣಿಕಟ್ಟನ್ನು ಮಡಿಸುವ ಸ್ನಾಯುಗಳ ಕೋಣೆ. ಅದರಲ್ಲಿ ಮೇಲ್ಪದರ, ಒಳಪದರ ಎಂದು ಎರಡು ಭಾಗ. ಹಿಂಗೈ ಕಡೆಯದು ಬಿಡಿಸುವ ಸ್ನಾಯುಗಳದು. ಹೆಬ್ಬೆರಳಿನ ಬದಿಯಲ್ಲಿ ಮೂರು ಸ್ನಾಯುಗಳ ಸಣ್ಣದೊಂದು ಗುಂಪು ಬೇರೆಯಾಗಿದೆ. ಇವನ್ನೆಲ್ಲ ಸುತ್ತಿ ಬೇರ್ಪಡಿಸುವ ಫ್ಯಾಶಿಯಾ ಬಿಳಿ ಬಣ್ಣದ, ಬಲವಾದ, ಹೆಚ್ಚು ಹಿಗ್ಗದ ಪೊರೆ. ಸ್ನಾಯು ಎಂಬ ದಿಂಬಿಗೆ ಹೊಲಿದ ಬಿಗಿ ಗವಸು ಅದು. ದುಡಿಯುವ ಸ್ನಾಯುವಿಗೆ ರಕ್ತ ನುಗ್ಗಿ ಅದರ ಗಾತ್ರ ಶೇ 20ರವರೆಗೂ ಹೆಚ್ಚಬಲ್ಲದು. ಹೆಚ್ಚಿನವರಲ್ಲಿ ಗವಸು ಇಷ್ಟಕ್ಕೆ ಜಾಗ ಕೊಡುತ್ತದೆ. ಕೊಡದವರಲ್ಲಿ ಒಳಗಿನ ಒತ್ತಡ ಏರುತ್ತದೆ.

ವಿಶ್ರಾಂತಿಯಲ್ಲಿರುವ ಸ್ನಾಯುವಿನೊಳಗಿನ ಒತ್ತಡ ಸಾಮಾನ್ಯವಾಗಿ ಪಾದರಸದ 10 ಮಿಲಿಮೀಟರಿನ ಒಳಗೇ ಇರುತ್ತದೆ. ಅದು 30 ದಾಟಿದರೆ ಕೂದಲೆಳೆಯಷ್ಟು ಸಣ್ಣ ರಕ್ತನಾಳಗಳಲ್ಲಿ ಹರಿವು ಕುಗ್ಗತೊಡಗುತ್ತದೆ. ಮೊದಲು ಕಷ್ಟವಾಗುವುದು ರಕ್ತ ಹೊರಹೋಗುವುದಕ್ಕೆ, ಏಕೆಂದರೆ ಅಭಿಧಮನಿಗಳ ಗೋಡೆ ತೆಳು, ಅವು ಬೇಗ ಅಮುಕಿಕೊಳ್ಳುತ್ತವೆ. ರಕ್ತ ಬರುತ್ತಲೇ ಇರುತ್ತದೆ, ಹೋಗುವುದು ನಿಧಾನವಾಗುತ್ತದೆ. ಊತ ಇನ್ನಷ್ಟು ಹೆಚ್ಚುತ್ತದೆ. ಆಮ್ಲಜನಕ ಸಾಲದೆ ನೋವು ಹುಟ್ಟುತ್ತದೆ, ಕೋಣೆಯ ಮೂಲಕ ಹಾದುಹೋಗುವ ನರಗಳು ಒತ್ತಿಕೊಂಡು ಬೆರಳು ಜೋಮು ಹಿಡಿಯುತ್ತದೆ. ಪುಸ್ತಕಗಳು ಸಾಮಾನ್ಯವಾಗಿ ಕೊಡುವ ವಿವರಣೆ ಇದು. ಆದರೆ ನೋವಿಗೆ ರಕ್ತದ ಕೊರತೆಯೇ ಪೂರ್ತಿ ಕಾರಣವೇ ಎಂಬ ಬಗ್ಗೆ, ಮುಖ್ಯವಾಗಿ ಕಾಲಿನ ಮೇಲೆ ನಡೆದ ಅಧ್ಯಯನಗಳನ್ನು ಮುಂದಿಟ್ಟುಕೊಂಡು, ತಜ್ಞರಲ್ಲಿ ಭಿನ್ನಾಭಿಪ್ರಾಯ ಉಳಿದಿದೆ.

ಮೋಟಾರ್‌ಸೈಕಲ್ಲಿಗೂ ಈ ತೊಂದರೆಗೂ ಇಷ್ಟು ಗಟ್ಟಿ ನಂಟು ಏಕೆ ಎಂಬುದು ಹ್ಯಾಂಡಲ್ ನೋಡಿದರೆ ತಿಳಿಯುತ್ತದೆ. ಮುಂಚಕ್ರದ ಬ್ರೇಕ್ ಲಿವರೂ ಆಕ್ಸಿಲರೇಟರೂ ಎರಡೂ ಬಲಗೈಯಲ್ಲೇ ಇವೆ. ಎರಡು ಬೆರಳು ಲಿವರ್ ಎಳೆಯುವ ಹೊತ್ತಿಗೆ ಉಳಿದ ಬೆರಳುಗಳು ಹಿಡಿಯನ್ನು ಬಿಡುವಂತಿಲ್ಲ, ಮಣಿಕಟ್ಟು ಆಕ್ಸಿಲರೇಟರನ್ನು ನಾಜೂಕಾಗಿ ತಿರುಗಿಸುತ್ತಿರಬೇಕು. ಮೋಟೋಜಿಪಿ ಬೈಕುಗಳು ಗಂಟೆಗೆ 350 ಕಿ.ಮೀ.ಗೂ ಮೀರಿದ ವೇಗದಿಂದ ಕೆಲವೇ ಸೆಕೆಂಡುಗಳಲ್ಲಿ ತಿರುವಿನ ವೇಗಕ್ಕೆ ಇಳಿಯುತ್ತವೆ. ಆಗ ಸವಾರನ ಮೈಭಾರವೆಲ್ಲ ಮುಂದಕ್ಕೆ ನುಗ್ಗಿ ತೋಳಿನ ಮೇಲೆ ಬೀಳುತ್ತದೆ. ಸ್ಪೇನಿನ ಜೆರೆಜ್ ಟ್ರ್ಯಾಕ್ 4.4 ಕಿ.ಮೀ. ಉದ್ದ, 13 ತಿರುವು, ಮೋಟೋಜಿಪಿ ರೇಸ್ 25 ಸುತ್ತು. ತಿರುವುಗಳನ್ನಷ್ಟೇ ಎಣಿಸಿದರೂ ಒಂದು ರೇಸಿಗೆ 325. ಕೈ ಸಡಿಲಬಿಡಲು ಉದ್ದವಾದ ನೇರ ಹಾದಿ ಅಲ್ಲಿ ಇಲ್ಲದಿರುವುದರಿಂದ ಈ ತೊಂದರೆಗೆ ಆ ಟ್ರ್ಯಾಕ್ ಹೆಸರಾಗಿದೆ. ಕ್ಲಚ್ಚಿನ ಕೆಲಸ ಬಹುಮಟ್ಟಿಗೆ ರೇಸ್ ಶುರುವಾಗುವಾಗ ಮುಗಿದುಹೋಗುವುದರಿಂದ ಎಡಗೈಗೆ ಅಷ್ಟು ದಣಿವಿಲ್ಲ. ಮೋಟೋಕ್ರಾಸಿನ ಲೆಕ್ಕ ಬೇರೆ: ಅಲ್ಲಿ ಹಳ್ಳದಿಣ್ಣೆಗಳ ಮೇಲೆ ಕುಪ್ಪಳಿಸುವ ಬೈಕನ್ನು ಎರಡೂ ಕೈ ಅದುಮಿ ಹಿಡಿಯಬೇಕು, ಹಾಗಾಗಿ ತೊಂದರೆಯೂ ಹೆಚ್ಚಾಗಿ ಎರಡೂ ಕಡೆ.

ಇದೆಲ್ಲದರಲ್ಲಿ ಗಮನಿಸಬೇಕಾದದ್ದು ಹಿಡಿತದ ಬಗೆ. ಓಡುವವನ ಕಾಲಿನ ಸ್ನಾಯು ಪ್ರತಿ ಹೆಜ್ಜೆಗೂ ಬಿಗಿದು ಸಡಿಲಾಗುತ್ತದೆ, ಸಡಿಲಾದಾಗ ರಕ್ತ ಹರಿಯುತ್ತದೆ. ಹ್ಯಾಂಡಲ್ ಹಿಡಿದವನ ಸ್ನಾಯು ಬಿಗಿದೇ ಇರುತ್ತದೆ. ಹೆದರಿಕೆ ಅಥವಾ ಆತುರದಿಂದ ಬೇಕಾದ್ದಕ್ಕಿಂತ ಗಟ್ಟಿಯಾಗಿ ಹಿಡಿಯುವ ಹೊಸಬರಲ್ಲಿ ತೋಳು ಬೇಗ ಬಿಗಿಯುವುದಕ್ಕೆ ಕಾರಣ ಇದೇ. ಅವರಿಗೆ ಬೇಕಾದದ್ದು ತರಬೇತಿ. ಶಸ್ತ್ರಚಿಕಿತ್ಸೆಯ ಮಾತು ಬರುವುದು ಹಿಡಿತ ಪಳಗಿದ ಮೇಲೂ ತೊಂದರೆ ಉಳಿದವರಲ್ಲಿ.

ಇತಿಹಾಸ

ಪೊರೆಯೊಳಗಿನ ಒತ್ತಡ ಸ್ನಾಯುವನ್ನು ಕೊಲ್ಲಬಲ್ಲದು ಎಂಬ ತಿಳಿವಳಿಕೆ ಹಳೆಯದು. 1881ರಲ್ಲಿ ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಲ್ಕ್‌ಮನ್, ಪೆಟ್ಟು ಬಿದ್ದ ಕೈಗೆ ಬಿಗಿಯಾಗಿ ಕಟ್ಟಿದ ಪಟ್ಟಿಯಿಂದ ಮುಂದೋಳಿನ ಸ್ನಾಯುಗಳು ಸತ್ತು ಬೆರಳುಗಳು ಶಾಶ್ವತವಾಗಿ ಮಡಿಚಿಕೊಳ್ಳುವುದನ್ನು ವಿವರಿಸಿದ. ಅದು ತೀವ್ರ ರೂಪ. ಗಂಟೆಗಳೊಳಗೆ ಪೊರೆ ಸೀಳದಿದ್ದರೆ ಕೈಯೇ ಹೋಗುತ್ತದೆ. ರೇಸ್ ಸವಾರರದು ದೀರ್ಘಕಾಲಿಕ ರೂಪ, ಬಂದು ಹೋಗುವಂಥದು. ಇವೆರಡನ್ನೂ ಒಂದೇ ಎಂದು ಬಗೆಯಬಾರದು. ದೀರ್ಘಕಾಲಿಕ ರೂಪ ಮೊದಲು ವೈದ್ಯರ ಕಣ್ಣಿಗೆ ಬಿದ್ದದ್ದು ಕಾಲಿನಲ್ಲಿ. ಮೇವರ್ ಎಂಬ ಶಸ್ತ್ರವೈದ್ಯ ವೃತ್ತಿಪರ ಫುಟ್‌ಬಾಲ್ ಆಟಗಾರನೊಬ್ಬನ ಮೊಣಕಾಲಿನ ಕೆಳಗಿನ ನೋವಿಗೆ ಮಾಡಿದ ಚಿಕಿತ್ಸೆಯನ್ನು 1956ರಲ್ಲಿ ವರದಿ ಮಾಡಿದ. ಮುಂದೋಳಿನ ವರದಿಗಳು ಬಂದದ್ದು ಅದರ ಎರಡು ದಶಕಗಳ ನಂತರ, ಅದೂ ಒಂದೊಂದಾಗಿ. ಫ್ರಾನ್ಸಿನ ಗೂಬಿಯೆ ಮತ್ತು ಸಯಾಂ 2003ರಲ್ಲಿ ಇಬ್ಬರು ಸ್ಪರ್ಧಾತ್ಮಕ ಮೋಟಾರ್‌ಸೈಕಲ್ ಸವಾರರ ಪ್ರಕರಣ ಪ್ರಕಟಿಸಿದರು. ಆ ಮುಂದೆ ಸ್ಪೇನ್, ಇಟಲಿ, ಫ್ರಾನ್ಸಿನ ವೈದ್ಯರಿಂದಲೇ ಹೆಚ್ಚಿನ ಬರಹ ಬಂದಿದೆ. ರೇಸಿನ ತವರೂ ಅದೇ ನಾಡುಗಳಾದ್ದರಿಂದ ಇದರಲ್ಲಿ ಆಶ್ಚರ್ಯವಿಲ್ಲ.

ರೋಗ ನಿರ್ಣಯ

ಸವಾರ ಆಸ್ಪತ್ರೆಗೆ ಬರುವ ಹೊತ್ತಿಗೆ ಕೈ ಸರಿಹೋಗಿರುತ್ತದೆ. ಮುಟ್ಟಿ ನೋಡಿದರೆ ಏನೂ ಸಿಗುವುದಿಲ್ಲ. ಹೀಗಾಗಿ ಅವನು ಹೇಳುವ ಕಥೆಯೇ ಮೊದಲ ಸಾಕ್ಷ್ಯ. ಕೆಲವು ಸುತ್ತುಗಳ ನಂತರ ಬಿಗಿತ ಶುರುವಾಗುತ್ತದೆ, ಬ್ರೇಕ್ ಎಷ್ಟು ಒತ್ತಿದೆ ಎಂಬ ಅಂದಾಜು ತಪ್ಪುತ್ತದೆ, ಕೊನೆಗೆ ಬೆರಳು ಲಿವರಿನಿಂದ ಬಿಡಿಸಿಕೊಳ್ಳುವುದೂ ಕಷ್ಟ. ಇಳಿದು ಕಾಲು ಗಂಟೆ, ಅರ್ಧ ಗಂಟೆಯಲ್ಲಿ ಎಲ್ಲ ಮಾಯ. ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಕಾಣಿಸಿಕೊಳ್ಳುವುದು ಇದರ ಗುರುತು. ಮಣಿಕಟ್ಟಿನಲ್ಲಿ ನರ ಒತ್ತುವ ಕಾರ್ಪಲ್ ಟನಲ್, ಮೊಣಕೈ ಬಳಿ ನರಗಳು ಸಿಕ್ಕಿಕೊಳ್ಳುವುದು, ಕುತ್ತಿಗೆಯಿಂದ ಇಳಿಯುವ ನೋವು, ಟೆನಿಸ್ ಎಲ್ಬೋ, ರಕ್ತನಾಳದ ಅಡಚಣೆ ಇವೆಲ್ಲ ಇಂಥದೇ ದೂರು ತರಬಲ್ಲವು. ಬಿದ್ದು ಮೂಳೆ ಮುರಿದುಕೊಂಡ ಹಳೆಯ ಗಾಯಗಳು ರೇಸ್ ಸವಾರರಲ್ಲಿ ಹೆಚ್ಚಿನವರಿಗೆ ಇರುತ್ತವೆ, ಗೊಂದಲ ಹೆಚ್ಚಲು ಅದೂ ಒಂದು ಕಾರಣ.

ಒತ್ತಡವನ್ನು ನೇರವಾಗಿ ಅಳೆಯುವುದು ಖಚಿತ ಪರೀಕ್ಷೆ. ಸ್ನಾಯುವಿನೊಳಗೆ ಸೂಜಿ ಅಥವಾ ಸಣ್ಣ ನಳಿಕೆ ತೂರಿಸಿ, ಶ್ರಮಕ್ಕೆ ಮೊದಲು ಒಮ್ಮೆ, ನೋವು ಬರುವವರೆಗೆ ಚೆಂಡನ್ನೋ ಹಿಡಿತ ಅಳೆಯುವ ಉಪಕರಣವನ್ನೋ ಹಿಸುಕಿಸಿದ ನಂತರ ಮತ್ತೆ ಅಳೆಯುತ್ತಾರೆ. ಪೆಡೋವಿಟ್ಜ್ ಮತ್ತು ಸಂಗಡಿಗರು 1990ರಲ್ಲಿ ಕೊಟ್ಟ ಮಿತಿಗಳು ಇಂದಿಗೂ ಬಳಕೆಯಲ್ಲಿವೆ: ಶ್ರಮಕ್ಕೆ ಮುಂಚೆ 15, ಮುಗಿದ ಒಂದು ನಿಮಿಷಕ್ಕೆ 30, ಐದು ನಿಮಿಷಕ್ಕೆ 20 ಮಿ.ಮೀ.; ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದರೂ ದಾಟಿದರೂ ರೋಗ ಇದೆ ಎಂದು. ತೊಡಕೆಂದರೆ ಈ ಅಂಕಿಗಳು ಹುಟ್ಟಿದ್ದು ಕಾಲಿಗಾಗಿ. ತೋಳಿಗೆ ಬೇರೆಯೇ ಆದ, ಎಲ್ಲರೂ ಒಪ್ಪಿದ ಮಿತಿ ಇಲ್ಲದೆ ಕಾಲಿನ ಅಳತೆಯಲ್ಲೇ ಕೈಯನ್ನು ತೂಗುವುದು ನಡೆದಿದೆ. ಸೂಜಿ ಯಾವ ಆಳದಲ್ಲಿದೆ, ಮೊಣಕೈ ಎಷ್ಟು ಮಡಿಚಿದೆ ಎಂಬುದರ ಮೇಲೂ ಅಂಕಿ ಬದಲಾಗುತ್ತದೆ. ಸೂಜಿ ಬೇಡವೆನ್ನುವವರು ಶ್ರಮದ ಮೊದಲು ಮತ್ತು ನಂತರ ಎಂಆರ್‌ಐ ಮಾಡಿ ಸ್ನಾಯುವಿನಲ್ಲಿ ನೀರಿನಂಶ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡುತ್ತಾರೆ. ಚರ್ಮದ ಮೇಲಿಂದ ಬೆಳಕು ಹಾಯಿಸಿ ಆಮ್ಲಜನಕದ ಮಟ್ಟ ಅಳೆಯುವ ವಿಧಾನವೂ ಇದೆ.

ಶಸ್ತ್ರಚಿಕಿತ್ಸೆಗೆ ಮುನ್ನ

ಹ್ಯಾಂಡಲ್ಲಿನ ಎತ್ತರ, ಲಿವರಿನ ಕೋನ, ಹಿಡಿಯ ದಪ್ಪ, ಸಸ್ಪೆನ್ಷನ್ ಗಡಸುತನ ಬದಲಿಸುವುದು, ಬೈಕನ್ನು ಮಂಡಿಗಳಿಂದ ಅಪ್ಪಿ ಹಿಡಿದು ತೋಳಿನ ಭಾರ ಇಳಿಸುವುದು, ಮಸಾಜ್, ವ್ಯಾಯಾಮದ ಬಗೆ ಬದಲಿಸುವುದು, ಇವು ಮೊದಲ ಮೆಟ್ಟಿಲು. ತೊಂದರೆ ಹಗುರವಾಗಿದ್ದರೆ ಇಷ್ಟರಲ್ಲೇ ಸುಧಾರಿಸಿದವರಿದ್ದಾರೆ. ತೋಳಿನ ಸ್ನಾಯು ಬೆಳೆಸುವ ಕಸರತ್ತು ಮಾತ್ರ ತಿರುಗುಬಾಣವಾಗಬಹುದು: ಗವಸು ಅಷ್ಟೇ ಇದ್ದು ಒಳಗಿನದು ದಪ್ಪವಾದರೆ ಜಾಗ ಇನ್ನಷ್ಟು ಕಡಿಮೆ. ಬೊಟುಲಿನಮ್ ಚುಚ್ಚುಮದ್ದನ್ನು ಕಾಲಿನಲ್ಲಿ ಪ್ರಯೋಗಿಸಿದ್ದಾರೆ. ಅದು ಸ್ನಾಯುವಿನ ಬಲವನ್ನು ತಗ್ಗಿಸುವ ಔಷಧ. ಬ್ರೇಕ್ ಒತ್ತುವ ಬೆರಳುಗಳಿಗೆ ಅಂಥದ್ದನ್ನು ಕೊಡಲು ಯಾವ ಸವಾರ ಒಪ್ಪುತ್ತಾನೆ? ಸವಾರಿ ಬಿಟ್ಟರೆ ನೋವು ಖಂಡಿತ ಹೋಗುತ್ತದೆ, ಆದರೆ ಆ ಸಲಹೆ ಕೇಳಲು ಯಾರೂ ವೈದ್ಯರ ಬಳಿ ಬರುವುದಿಲ್ಲ.

ಶಸ್ತ್ರಚಿಕಿತ್ಸೆಯ ವಿಧಾನಗಳು

ಮೂರು ಬಗೆ ಬಳಕೆಯಲ್ಲಿವೆ. ಹಳೆಯದು ತೆರೆದ ವಿಧಾನ. ಅಂಗೈ ಕಡೆ ಮುಂದೋಳಿನ ಉದ್ದಕ್ಕೆ ಚರ್ಮ ಕೊಯ್ದು, ಫ್ಯಾಶಿಯಾವನ್ನು ಕಣ್ಣೆದುರೇ ಮೇಲಿಂದ ಕೆಳಗಿನವರೆಗೆ ಸೀಳುತ್ತಾರೆ. ಹಿಂಗೈ ಕೋಣೆಗೆ ಇನ್ನೊಂದು ಗಾಯ. ನರ, ರಕ್ತನಾಳ ಎಲ್ಲವೂ ಕಾಣುವುದರಿಂದ ಪೊರೆಯ ಒಂದು ಎಳೆಯೂ ಉಳಿಯದಂತೆ ನೋಡಿಕೊಳ್ಳಬಹುದು, ರಕ್ತ ಒಸರಿದರೆ ಅಲ್ಲೇ ತಡೆಯಬಹುದು. ಬೆಲೆ ತೆರಬೇಕಾದದ್ದು ಉದ್ದನೆಯ ಕಲೆಯಲ್ಲಿ ಮತ್ತು ನಿಧಾನ ಚೇತರಿಕೆಯಲ್ಲಿ.

ಎರಡನೆಯದು ಕಿರುಗಾಯದ ವಿಧಾನ. ಕೆಲವು ಸೆಂಟಿಮೀಟರಿನ ಒಂದೆರಡು ಗಾಯ ಮಾಡಿ, ಚರ್ಮವನ್ನು ಫ್ಯಾಶಿಯಾದಿಂದ ಬಿಡಿಸಿ, ಉದ್ದನೆಯ ಕತ್ತರಿಯನ್ನು ಚರ್ಮದಡಿಯಲ್ಲೇ ಮೇಲಕ್ಕೂ ಕೆಳಕ್ಕೂ ಜಾರಿಸಿ ಪೊರೆ ಕತ್ತರಿಸುತ್ತಾರೆ. ಫ್ರೆಂಚ್ ಶಸ್ತ್ರವೈದ್ಯರು 2009ರಲ್ಲಿ ವಿವರಿಸಿದ ಇಂಥ ವಿಧಾನವೂ, 2016ರಲ್ಲಿ ಸ್ಪೇನಿನ ತಂಡವೊಂದು ವೃತ್ತಿಪರ ಸವಾರರಲ್ಲಿ ತೆರೆದ ವಿಧಾನ ಮತ್ತು ಕಿರುಗಾಯದ ವಿಧಾನಗಳನ್ನು ಹೋಲಿಸಿ ಪ್ರಕಟಿಸಿದ ಅಧ್ಯಯನವೂ ಈ ಕ್ಷೇತ್ರದಲ್ಲಿ ಮುಖ್ಯವಾದವು. ಕಿರುಗಾಯಕ್ಕೆ ಕಲೆ ಕಡಿಮೆ, ನೋವು ಕಡಿಮೆ. ಅಪಾಯವಿರುವುದು ಕತ್ತರಿ ಕಾಣದ ಕಡೆ ಹೋಗುವುದರಲ್ಲಿ. ಮುಂದೋಳಿನ ಚರ್ಮಕ್ಕೆ ಸ್ಪರ್ಶಜ್ಞಾನ ಕೊಡುವ ನರಗಳೂ ಎರಡು ದೊಡ್ಡ ಅಭಿಧಮನಿಗಳೂ ಫ್ಯಾಶಿಯಾದ ಮೇಲ್ಗಡೆಯೇ ಹರಿದಿವೆ. ನರ ತುಂಡಾದರೆ ಚರ್ಮದ ಒಂದು ಪಟ್ಟಿ ಮರಗಟ್ಟುತ್ತದೆ, ಕೆಲವೊಮ್ಮೆ ಸುಡುವ ನೋವು ಉಳಿಯುತ್ತದೆ.

ಮೂರನೆಯದು ಎಂಡೋಸ್ಕೋಪಿ. ಸಣ್ಣ ಗಾಯದ ಮೂಲಕ ಕ್ಯಾಮೆರಾ ತೂರಿಸಿ, ಪರದೆಯಲ್ಲಿ ನರಗಳನ್ನು ನೋಡುತ್ತ ಪೊರೆ ಸೀಳುವುದು. ಎರಡೂ ವಿಧಾನಗಳ ಗುಣವನ್ನು ಕೂಡಿಸುವ ಪ್ರಯತ್ನವಿದು, ಆದರೆ ಉಪಕರಣವೂ ಕೈಪಳಗುವಿಕೆಯೂ ಬೇಕು.

ಯಾವುದೇ ವಿಧಾನವಿರಲಿ, ತೋಳಿಗೆ ಮಾತ್ರ ಅಥವಾ ಪೂರ್ತಿ ಅರಿವಳಿಕೆ ಕೊಟ್ಟು, ಸಾಮಾನ್ಯವಾಗಿ ಮೇಲ್ತೋಳಿಗೆ ಪಟ್ಟಿ ಬಿಗಿದು ರಕ್ತ ತಡೆದು ಕೆಲಸ ಮಾಡುತ್ತಾರೆ. ಮೊಣಕೈ ಮುಂದೆ ಬೈಸೆಪ್ಸ್ ಸ್ನಾಯುವಿನಿಂದ ಅಡ್ಡಲಾಗಿ ಹರಡಿದ ಗಟ್ಟಿ ಪಟ್ಟಿಯೊಂದಿದೆ, ಅದನ್ನೂ ಬಿಡಿಸುವುದುಂಟು. ಮಣಿಕಟ್ಟಿನ ಹಿಂಭಾಗದಲ್ಲಿ ರಜ್ಜುಗಳನ್ನು ಮೂಳೆಗೆ ಒತ್ತಿ ಹಿಡಿದಿರುವ ಪಟ್ಟಿಯನ್ನು ಮಾತ್ರ ಮುಟ್ಟಬಾರದು, ಕತ್ತರಿಸಿದರೆ ಬೆರಳು ಎತ್ತುವಾಗ ರಜ್ಜುಗಳು ಚರ್ಮದಡಿ ಬಿಲ್ಲಿನ ಹೆದೆಯಾಗಿ ಎದ್ದು ನಿಲ್ಲುತ್ತವೆ. ಎಷ್ಟು ಕೋಣೆ ತೆರೆಯಬೇಕು ಎಂಬಲ್ಲಿ ಒಮ್ಮತವಿಲ್ಲ. ಮಡಿಸುವ ಸ್ನಾಯುಗಳ ಕೋಣೆ ತೆರೆದರೆ ಸಾಕು ಎನ್ನುವವರು ಒಂದು ಕಡೆ; ಹಿಂಗೈ ಕೋಣೆಯನ್ನೂ ಸೇರಿಸಿಕೊಳ್ಳದಿದ್ದರೆ ನೋವು ಅಲ್ಲಿಗೆ ಸರಿಯುತ್ತದೆ ಎನ್ನುವವರು ಇನ್ನೊಂದು ಕಡೆ. ಒಳಪದರವನ್ನು ತೆರೆಯಲು ಮುಖ್ಯ ನರ, ಅಪಧಮನಿಗಳ ಪಕ್ಕಕ್ಕೇ ಹೋಗಬೇಕಾದ್ದರಿಂದ ಹೆಚ್ಚಿನವರು ಒತ್ತಡ ಅಳೆದು ಅಗತ್ಯ ಕಂಡರಷ್ಟೇ ಅದಕ್ಕೆ ಕೈಹಾಕುತ್ತಾರೆ.

ಕೊನೆಗೆ ಚರ್ಮವನ್ನಷ್ಟೇ ಹೊಲಿಯುತ್ತಾರೆ, ಫ್ಯಾಶಿಯಾವನ್ನು ಸೀಳಿದಂತೆಯೇ ಬಿಡುತ್ತಾರೆ. ಗವಸು ಇಲ್ಲದ ಸ್ನಾಯುವಿನ ಬಲ ಕುಗ್ಗುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಗಾರ್ಫಿನ್ ಮತ್ತು ಸಂಗಡಿಗರು 1981ರಲ್ಲಿ ನಾಯಿಗಳ ಕಾಲಿನ ಮೇಲೆ ನಡೆಸಿದ ಪ್ರಯೋಗದಲ್ಲಿ ಪೊರೆ ಸೀಳಿದ ಮೇಲೆ ಒತ್ತಡ ಅರ್ಧದಷ್ಟು ಇಳಿಯಿತು, ಸ್ನಾಯುವಿನ ಬಲವೂ ಸುಮಾರು ಶೇ 15 ಇಳಿಯಿತು. ಸವಾರರಲ್ಲಿ ಇಂಥ ಕುಂದು ದೊಡ್ಡ ದೂರಾಗಿ ಕೇಳಿಬಂದಿಲ್ಲ. ಒಮ್ಮೆ ಗಟ್ಟಿಯಾಗಿ ಹಿಡಿಯುವುದಕ್ಕಿಂತ ನಲವತ್ತು ನಿಮಿಷ ಹಿಡಿದೇ ಇರುವುದು ಅವರಿಗೆ ಮುಖ್ಯ.

ಚೇತರಿಕೆ

ಬೆರಳು ಮತ್ತು ಮಣಿಕಟ್ಟನ್ನು ಒಂದೆರಡು ದಿನಗಳಲ್ಲೇ ಅಲ್ಲಾಡಿಸಲು ಹೇಳುತ್ತಾರೆ. ಹೀಗೆ ಬೇಗ ಚಲಿಸಿದರೆ ಸೀಳಿದ ಅಂಚುಗಳು ಮತ್ತೆ ಒಂದಕ್ಕೊಂದು ಅಂಟಿಕೊಳ್ಳುವ ಸಾಧ್ಯತೆ ತಗ್ಗುತ್ತದೆ. ರಕ್ತ ಹೆಪ್ಪುಗಟ್ಟುವುದು, ಸೋಂಕು, ಸೀಳಿನಿಂದ ಸ್ನಾಯು ಉಬ್ಬಿ ಹೊರಚಾಚುವುದು, ಮರಗಟ್ಟಿದ ಚರ್ಮ ಮುಖ್ಯ ತೊಡಕುಗಳು. ಮರಳಿ ಬೈಕು ಹತ್ತಲು ಕೆಲವು ವಾರ ಹಿಡಿಯುತ್ತದೆ ಎನ್ನುವುದು ಪುಸ್ತಕದ ಮಾತು. ರೇಸಿನ ವೇಳಾಪಟ್ಟಿಗೆ ಅಷ್ಟು ತಾಳ್ಮೆ ಇಲ್ಲ.

2021ರ ಮೇ 2ರ ಜೆರೆಜ್ ರೇಸ್ ಇದಕ್ಕೆ ಒಳ್ಳೆಯ ನಿದರ್ಶನ. ಮುನ್ನಡೆಯಲ್ಲಿದ್ದ ಫ್ರಾನ್ಸಿನ ಫಾಬಿಯೊ ಕ್ವಾರ್ಟರಾರೊ ಅವರ ತೋಳು ಬಿಗಿದು, ಒಬ್ಬೊಬ್ಬರಾಗಿ ಹಲವರು ದಾಟಿಹೋಗಿ, ಕೊನೆಗೆ ಅವರು 13ನೆಯ ಸ್ಥಾನಕ್ಕೆ ಇಳಿದರು. ಗೆದ್ದವರು ಆಸ್ಟ್ರೇಲಿಯಾದ ಜ್ಯಾಕ್ ಮಿಲ್ಲರ್; 2016ರ ನಂತರ ಅವರಿಗದು ಮೊದಲ ಗೆಲುವು, ಮತ್ತು ಅವರು ಇದೇ ತೊಂದರೆಗೆ ಏಪ್ರಿಲ್ ಆರಂಭದಲ್ಲಷ್ಟೇ ಬಾರ್ಸಿಲೋನಾದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ರೇಸಿನ ಎರಡು ದಿನಗಳ ನಂತರ ಕ್ವಾರ್ಟರಾರೊ ಕೂಡ ಶಸ್ತ್ರಚಿಕಿತ್ಸೆಗೆ ಒಳಗಾದರು, 12 ದಿನಗಳಲ್ಲಿ ಲೆ ಮಾನ್ ರೇಸಿಗೆ ಬಂದು ಮೂರನೆಯವರಾದರು, ತಿಂಗಳ ಕೊನೆಗೆ ಇಟಲಿಯ ಮುಜೆಲ್ಲೊದಲ್ಲಿ ಗೆದ್ದರು. ಆ ವರ್ಷದ ವಿಶ್ವ ಪಟ್ಟವೂ ಅವರದಾಯಿತು. ಅದೇ ಜೆರೆಜ್ ರೇಸಿನ ಬಳಿಕ ಇನ್ನೊಬ್ಬ ಸವಾರ ಅಲೇಶ್ ಎಸ್ಪಾರ್ಗರೊ ಸಹ ತೋಳು ತೋರಿಸಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಇಂಥ ಸುದ್ದಿಗಳನ್ನು ಓದಿದವರಿಗೆ ಇದು ಹಲ್ಲು ಕೀಳಿಸಿದಷ್ಟು ಸುಲಭವೆಂಬ ಭಾವನೆ ಬಂದರೆ ತಪ್ಪಿಲ್ಲ. ಆದರೆ ಕ್ವಾರ್ಟರಾರೊ 2019ರ ಜೂನ್‌ನಲ್ಲೂ ಇದಕ್ಕಾಗಿಯೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು ಎಂಬುದನ್ನು ಆ ಸುದ್ದಿಯ ಜೊತೆಗೇ ಓದಬೇಕು. ಆಗಲೂ ಕೆಲವೇ ದಿನಗಳಲ್ಲಿ ಬಾರ್ಸಿಲೋನಾದ ರೇಸಿನಲ್ಲಿ ಎರಡನೆಯವರಾಗಿ ಬಂದಿದ್ದರು. ಎರಡು ವರ್ಷದೊಳಗೆ ತೊಂದರೆ ಮರಳಿತ್ತು.

ಮರುಕಳಿಸುವಿಕೆ

ಸೀಳಿದ ಜಾಗದಲ್ಲಿ ದೇಹ ಗಾಯದ ನಾರು ಬೆಳೆಸುತ್ತದೆ. ಈ ಹೊಸ ಪೊರೆ ಹಳೆಯದಕ್ಕಿಂತಲೂ ದಪ್ಪ, ಬಿಗಿ ಆಗಿರಬಹುದು. ಮೊದಲ ಸಲ ಪೊರೆಯ ತುದಿಗಳು ಪೂರ್ತಿ ಬಿಡಿಸಿಕೊಳ್ಳದೆ ಉಳಿದದ್ದು, ತೆರೆಯಬೇಕಾದ ಕೋಣೆ ತಪ್ಪಿಹೋದದ್ದು, ಮೊದಲೇ ರೋಗನಿರ್ಣಯ ತಪ್ಪಿದ್ದು ಉಳಿದ ಕಾರಣಗಳು. ಎರಡನೆಯ ಸಲಕ್ಕೆ ಸೀಳುವುದಷ್ಟೇ ಸಾಲದೆ ಪೊರೆಯ ಒಂದು ಪಟ್ಟಿಯನ್ನೇ ತೆಗೆದುಹಾಕುವ ಫ್ಯಾಶಿಯೆಕ್ಟಮಿಗೆ ಹೋಗುತ್ತಾರೆ.

ಸ್ಪೇನಿನ ಡಾನಿ ಪೆಡ್ರೊಸಾ ಅವರದು ಇದರಲ್ಲಿ ಎಲ್ಲರೂ ನೆನೆಯುವ ಪ್ರಕರಣ. ಸುಮಾರು 50 ಕೆ.ಜಿ. ತೂಕದ ಈ ಸವಾರ ತಮ್ಮ ಮೂರು ಪಟ್ಟಿಗಿಂತ ಭಾರದ ಬೈಕನ್ನು ಬಾಗಿಸುತ್ತಿದ್ದರು. 2014ರಲ್ಲಿ ಜೆರೆಜ್ ರೇಸಿನ ನಂತರ ಬಲದೋಳಿಗೆ ಶಸ್ತ್ರಚಿಕಿತ್ಸೆಯಾಯಿತು, ನೋವು ಹೋಗಲಿಲ್ಲ. 2015ರ ಮೊದಲ ರೇಸ್ ಕತಾರಿನಲ್ಲಿ ಆರನೆಯವರಾಗಿ ಮುಗಿಸಿದ ಮೇಲೆ ಅವರು ಮುಂದೆ ಓಡಿಸಲಾಗದೆ ಹೋಗಬಹುದೆಂಬ ಮಾತೂ ಬಂತು. ಏಪ್ರಿಲ್ ಆರಂಭದಲ್ಲಿ ಮ್ಯಾಡ್ರಿಡ್‌ನ ಡಾ. ಆಂಹೆಲ್ ವಿಯಾಮೊರ್ ಪೆಡ್ರೊಸಾ ಅವರ ಫ್ಯಾಶಿಯಾವನ್ನೇ ತೆಗೆದರು. ಮೂರು ರೇಸ್ ತಪ್ಪಿದವು. ಆ ಬೈಕನ್ನು ಜಪಾನಿನ ಹಿರೋಶಿ ಆಯೊಯಾಮಾ ಓಡಿಸಿದರು. ಮೇ ತಿಂಗಳಲ್ಲಿ ಮರಳಿದ ಪೆಡ್ರೊಸಾ ಅಕ್ಟೋಬರಿನಲ್ಲಿ ಜಪಾನಿನ ಮೊಟೆಗಿಯಲ್ಲಿ ತಮ್ಮ 50ನೆಯ ಗ್ರ್ಯಾನ್ ಪ್ರಿ ಗೆದ್ದರು, ಎರಡು ವಾರದಲ್ಲಿ ಮಲೇಷ್ಯಾದಲ್ಲೂ ಗೆದ್ದರು. ಹನ್ನೆರಡು ದಿನದ ಚೇತರಿಕೆಗಿಂತ ಆರು ವಾರದ ಈ ವಿರಾಮವೇ ಹೆಚ್ಚಿನ ಸವಾರರಿಗೆ ಮಾದರಿಯಾಗಬೇಕಿತ್ತು.

ಫಲಿತಾಂಶದ ತೂಕ

ಪ್ರಕಟವಾದ ವರದಿಗಳಲ್ಲಿ ಬಹುಪಾಲು ಸವಾರರು ತೃಪ್ತರು, ಮೊದಲಿನ ಮಟ್ಟಕ್ಕೇ ಮರಳಿದವರು. ಕಾಲಿನ ಫಲಿತಾಂಶಕ್ಕಿಂತ ತೋಳಿನದು ಚೆನ್ನಾಗಿದೆ ಎಂಬ ಅಭಿಪ್ರಾಯವೂ ಇದೆ. ಆದರೆ ಇವು ಬಹುತೇಕ ಒಂದೊಂದು ಆಸ್ಪತ್ರೆಯ ಸಣ್ಣ ಪಟ್ಟಿಗಳು. ಶಸ್ತ್ರಚಿಕಿತ್ಸೆ ಆದವರನ್ನು ಆಗದವರೊಂದಿಗೆ ಚೀಟಿ ಎತ್ತಿ ಹಂಚಿ ಹೋಲಿಸಿದ್ದಲ್ಲ. ಅದೇ ಹೊತ್ತಿಗೆ ಬೈಕಿನ ಹೊಂದಾಣಿಕೆ ಬದಲಾಗಿರುತ್ತದೆ, ಟ್ರ್ಯಾಕ್ ಬದಲಾಗಿರುತ್ತದೆ, ವಿಶ್ರಾಂತಿಯೂ ಸಿಕ್ಕಿರುತ್ತದೆ. ಸುಧಾರಣೆಯಲ್ಲಿ ಚಾಕುವಿನ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಶಸ್ತ್ರಚಿಕಿತ್ಸೆಯ ನಂತರ ಮತ್ತೆ ಒತ್ತಡ ಅಳೆದು ನೋಡಿದ ವರದಿಗಳು ಇನ್ನೂ ಕಡಿಮೆ, ಏಕೆಂದರೆ ನೋವು ಹೋದ ಸವಾರ ಇನ್ನೊಮ್ಮೆ ಸೂಜಿಗೆ ತೋಳು ಕೊಡುವುದಿಲ್ಲ.

ಸಮಯದ ಆಯ್ಕೆ ವೈದ್ಯರಿಗಿಂತ ಹೆಚ್ಚಾಗಿ ತಂಡದ ಕೈಯಲ್ಲಿರುತ್ತದೆ. ನವೆಂಬರಿನಿಂದ ಫೆಬ್ರುವರಿಯವರೆಗಿನ ಬಿಡುವಿನಲ್ಲಿ ಮಾಡಿಸಿಕೊಳ್ಳುವುದು ಸೂಕ್ತ, ಆದರೆ ಆಗ ರೇಸ್ ಇಲ್ಲದ ಕಾರಣ ತೊಂದರೆಯೂ ಮರೆತಿರುತ್ತದೆ. ನೆನಪಾಗುವುದು ಋತುವಿನ ಮೊದಲ ಕೆಲವು ರೇಸ್‌ಗಳಲ್ಲಿ. ಮೇಲೆ ಹೇಳಿದ ಶಸ್ತ್ರಚಿಕಿತ್ಸೆಗಳೆಲ್ಲ ಏಪ್ರಿಲ್‌ನಿಂದ ಜೂನ್ ನಡುವೆ ನಡೆದದ್ದು ಹೀಗಾಗಿ. ಎರಡೂ ತೋಳಿಗೆ ತೊಂದರೆಯಿರುವ ಮೋಟೋಕ್ರಾಸ್ ಸವಾರರಲ್ಲಿ ಒಂದೇ ಸಲ ಎರಡನ್ನೂ ಮುಗಿಸುವ ರೂಢಿಯೂ ಇದೆ. ಅಂಥವರಿಗೆ ಮೊದಲ ಕೆಲವು ದಿನ ಅಂಗಿ ಗುಂಡಿ ಹಾಕಿಕೊಳ್ಳಲೂ ಇನ್ನೊಬ್ಬರ ಕೈ ಬೇಕಾಗುತ್ತದೆ ಎಂಬುದನ್ನು ಮುಂಚಿತವಾಗಿ ಹೇಳಿರಬೇಕು.